ನಕ್ಷೆಯಲ್ಲಿ ಕಂಡಂತೆ ಹನ್ನೊಂದು ಜನ, ಒಂದು ನಾಯಿ

ನಮ್ಮ ವಿಶ್ವವಿದ್ಯಾಲಯದ ನೂತನ ಬೋಧನಾ ಕಟ್ಟಡದ ಮುಂದೆ ಎಲ್ಲ ಕೆಲಸದ ದಿನಗಳಲ್ಲಿ ಬೆಳಿಗ್ಗೆ ಹತ್ತರಿಂದ ಸಂಜೆ ಐದರವರೆಗೆ ಹನ್ನೊಂದು ಜನ ನಿಂತಿರುತ್ತಾರೆ, ಒಂದು ನಾಯಿ ಕೂತಿರುತ್ತದೆ. ಇದು ನಿಯಮದ ಪ್ರಕಾರವೇ ನಡೆಯುತ್ತಿದೆ. ಹೊರಗಿನಿಂದ ಬಂದವರು ಇವರೆಲ್ಲ ಬಸ್ಸಿಗೆ ಕಾಯುತ್ತಿದ್ದಾರೆಂದು ತಿಳಿದು ತಾವೂ ಹಿಂದೆ ನಿಲ್ಲುವುದು, ಆಮೇಲೆ ಕಾವಲುಗಾರನ ಕೈಲಿ ಬೈಸಿಕೊಳ್ಳುವುದು ಹೆಚ್ಚಾಗಿರುವುದರಿಂದ, ನಿರ್ಮಾಣ ವಿಭಾಗದ ಅಧೀಕ್ಷಕನಾದ ನಾನು ಈ ವಿವರಣೆ ಬರೆಯಬೇಕಾಗಿದೆ.

ಮೊದಲಿಗೆ, ಈ ಕಟ್ಟಡ ಯಾಕೆ ಬೇಕಾಯಿತು ಎಂಬುದು. ನನ್ನ ಅಳಿಯ ಇದೇ ವಿಶ್ವವಿದ್ಯಾಲಯದಲ್ಲಿ ಗಣಿತ ಕಲಿಸುತ್ತಿದ್ದರು. ಹನ್ನೊಂದು ವರ್ಷದಿಂದ ತಾತ್ಕಾಲಿಕ. ತರಗತಿಯೂ ಅಷ್ಟೇ ತಾತ್ಕಾಲಿಕವಾಗಿ ಸೈಕಲ್ ಶೆಡ್ಡಿನಲ್ಲಿ ನಡೆಯುತ್ತಿತ್ತು. ಕರಿಹಲಗೆಯನ್ನು ಕಂಬಕ್ಕೆ ತೂಗುಹಾಕಿದ್ದರಿಂದ ಗಾಳಿ ಬೀಸಿದಾಗ ಅದು ತಿರುಗಿ ಬೆನ್ನು ತೋರಿಸುತ್ತಿತ್ತು. ವಿದ್ಯಾರ್ಥಿಗಳು ಸಮೀಕರಣದ ಅರ್ಧ ಬರೆದುಕೊಂಡು ಉಳಿದರ್ಧಕ್ಕೆ ಮುಂದಿನ ಗಾಳಿಗೆ ಕಾಯುತ್ತಿದ್ದರು. ಯಾರಾದರೂ ಸೈಕಲ್ ತೆಗೆಯಲು ಬಂದರೆ ಎರಡು ಸಾಲು ಎದ್ದು ದಾರಿ ಬಿಡಬೇಕು. ಇಷ್ಟಾದರೂ ಆ ಅರವತ್ತು ಜನರಲ್ಲಿ ಒಬ್ಬರೂ ತರಗತಿ ತಪ್ಪಿಸುತ್ತಿರಲಿಲ್ಲ. ಈ ಅಸಹಜ ಸಂಗತಿ ಶಿಸ್ತು ಸಮಿತಿಯ ಗಮನಕ್ಕೂ ಬಂದಿತ್ತು.

ಅಳಿಯನಿಗೆ ಬೇಕಾಗಿದ್ದುದು ಎರಡೇ. ನಾಲ್ಕು ಗೋಡೆ ಇರುವ ಒಂದು ಕೋಣೆ, ಒಂದು ಕಾಯಂ ಆದೇಶ.

“ಕಾಯಂ ಆಗದಿದ್ರೂ ಪರವಾಗಿಲ್ಲ ಮಾವ, ಗೋಡೆ ಸಿಕ್ಕಿದ್ರೆ ಸಾಕು,” ಎನ್ನುತ್ತಿದ್ದರು ಅವರು.

“ಗೋಡೆ ಕಟ್ಟಿಕೊಂಡು ನಾನೇನು ಮಾಡ್ಲಿ? ಆದೇಶ ಬರ್ಲಿ ಮೊದಲು,” ಎನ್ನುತ್ತಿದ್ದಳು ನನ್ನ ಮಗಳು. ಗಂಡಹೆಂಡಿರ ನಡುವೆ ಬೇರೆ ಜಗಳ ಇರಲಿಲ್ಲ.

ಕಟ್ಟಡಕ್ಕೆ ಮಂಜೂರಾತಿ ಬಂದಾಗ ನಕ್ಷೆ ಬರೆಯಲು ಒಬ್ಬ ತರುಣಿ ವಾಸ್ತುಶಿಲ್ಪಿ ಬಂದರು. ಆಕೆಗೆ ಲೋಕಜ್ಞಾನ ಕಡಿಮೆ. ಸಮಿತಿಯವರನ್ನು ಕಾಣುವ ಬದಲು ನೇರವಾಗಿ ಶೆಡ್ಡಿಗೆ ಹೋಗಿ, ಹಿಂದಿನ ಸಾಲಿನಲ್ಲಿ ಸೈಕಲ್ ಸೀಟಿನ ಮೇಲೆ ಕೂತು, ಮೂರು ದಿನ ಗಣಿತ ಪಾಠ ಕೇಳಿದರು. ಬರೆಯುವವರ ಕೈ ನೆರಳು ಹಲಗೆ ಮೇಲೆ ಬೀಳದ ಹಾಗೆ ಬೆಳಕು ಯಾವ ಕಡೆಯಿಂದ ಬರಬೇಕು, ಕೊನೆಯ ಸಾಲಿಗೆ ಧ್ವನಿ ಹೇಗೆ ಮುಟ್ಟಬೇಕು ಎಂದೆಲ್ಲ ಅಳೆದು ನಾಲ್ಕು ಮಹಡಿ, ಹನ್ನೆರಡು ಕೋಣೆ ಬರೆದು ತಂದರು. ಒಟ್ಟು ನಲವತ್ತೆಂಟು ಹಾಳೆ. ಕೋಣೆಗೆ ನಾಲ್ಕು ಗೋಡೆಯಂತೆ ಲೆಕ್ಕ ಹಾಕಿ ಅಳಿಯ ಆ ದಿನ ಎರಡು ಬಾರಿ ಊಟ ಮಾಡಿದರು.

ಸಮಿತಿಯವರು ಮೊದಲ ಹಾಳೆಯನ್ನಷ್ಟೇ ನೋಡಿದರು. ಅದರಲ್ಲಿ ಬಣ್ಣ ಇತ್ತು. ಕಟ್ಟಡ ಮುಂದಿನಿಂದ ಹೇಗೆ ಕಾಣುತ್ತದೆಂದು ತೋರಿಸುವ ಚಿತ್ರ ಅದು. ಎದುರಿಗೆ ಛತ್ರಿ ಹಿಡಿದ ಹೆಂಗಸು, ಬಲೂನು ಹಿಡಿದ ಮಗು, ಚೀಲ ಕಂಕುಳಲ್ಲಿಟ್ಟು ಬಲಗೈ ಎತ್ತಿದ ಗಂಡಸು, ಹೀಗೆ ಹನ್ನೊಂದು ಜನ, ಒಂದು ನಾಯಿ.

“ಈ ಹೆಂಗಸು ಯಾರಮ್ಮಾ?” ಎಂದರು ಕುಲಪತಿಗಳು.

“ಯಾರೂ ಅಲ್ಲ ಸರ್. ಕಟ್ಟಡದ ಎತ್ತರ ಗೊತ್ತಾಗಲಿ ಅಂತ ನಿಲ್ಲಿಸಿದ್ದು.”

“ಯಾರೂ ಅಲ್ಲ ಅಂದ್ರೆ? ಯಾರು ಏನು ಅಂತ ಕೇಳದೆ ಆವರಣದ ಒಳಗೆ ಬಿಟ್ಟುಬಿಟ್ರಾ?”

ಮಳೆ ಇಲ್ಲದೆ ಛತ್ರಿ ಯಾಕೆ, ನಾಯಿಗೆ ಚುಚ್ಚುಮದ್ದು ಆಗಿದೆಯೇ ಎಂಬ ವಿಷಯಗಳ ಮೇಲೆ ಎರಡು ಗಂಟೆ ಗಂಭೀರ ಚರ್ಚೆ ನಡೆಯಿತು. ಉಳಿದ ನಲವತ್ತೇಳು ಹಾಳೆಗಳನ್ನು ಒಂದೇ ಕೆಮ್ಮಿನಲ್ಲಿ ಒಪ್ಪಲಾಯಿತು. ನಡಾವಳಿ ಬರೆಯುವವನು ನಾನು. ಹಿಂದೊಮ್ಮೆ ವಿದ್ಯಾರ್ಥಿನಿಲಯ ಕಟ್ಟಿದ ಗುತ್ತಿಗೆದಾರ ಆರು ಕಿಟಕಿ ನುಂಗಿ ನೀರು ಕುಡಿದಿದ್ದ. ಈ ಸಲ ಹಾಗಾಗಬಾರದು, ಅಳಿಯನ ಕೋಣೆಯ ಒಂದು ಇಟ್ಟಿಗೆಯೂ ಕಡಿಮೆಯಾಗಬಾರದು ಎಂದು, ನನ್ನ ಮೂವತ್ತು ವರ್ಷದ ಅನುಭವವನ್ನೆಲ್ಲ ಹಿಂಡಿ ಒಂದು ವಾಕ್ಯ ಸೇರಿಸಿದೆ: “ಸದರಿ ನಕ್ಷೆಯಲ್ಲಿ ಕಾಣುವ ಯಾವುದನ್ನೂ ಬಿಡತಕ್ಕದ್ದಲ್ಲ, ಕಾಣದ ಯಾವುದನ್ನೂ ಸೇರಿಸತಕ್ಕದ್ದಲ್ಲ.” ಬೆನ್ನು ನಾನೇ ತಟ್ಟಿಕೊಂಡೆ, ಬೇರೆ ಯಾರೂ ಅದನ್ನು ಓದಿರಲಿಲ್ಲ.

ಕಟ್ಟಡ ಎದ್ದಿತು. ಚೆನ್ನಾಗಿಯೇ ಎದ್ದಿತು. ಬಾಗಿಲು ತೆರೆಯುವ ಮುನ್ನ ತಪಾಸಣಾಧಿಕಾರಿಗಳು ಬಂದು ಆ ಬಣ್ಣದ ಹಾಳೆಯನ್ನು ಬಿಡಿಸಿ ಹಿಡಿದು, ಕಿಟಕಿಗಳಿಗೆ ಒಂದೊಂದಾಗಿ ಗುರುತು ಹಾಕಿದರು. ಮೆಟ್ಟಿಲು ಸರಿ. ಕಂಬ ಸರಿ. ಆಮೇಲೆ ಕನ್ನಡಕ ಮೇಲೆ ಸರಿಸಿದರು.

“ಛತ್ರಿ ಹೆಂಗಸು ಎಲ್ಲಿ?”

“ಸರ್, ಅದು ಚಿತ್ರ,” ಎಂದರು ನಮ್ಮ ಇಂಜಿನಿಯರು.

“ಕಿಟಕೀನೂ ಚಿತ್ರದಲ್ಲೇ ಇತ್ತು. ಅದನ್ನ ಕಟ್ಟಿದೀರಲ್ಲ?”

ತಪಾಸಣಾಧಿಕಾರಿಗಳು ನನ್ನ ವಾಕ್ಯವನ್ನು ಗಟ್ಟಿಯಾಗಿ ಓದಿ, “ಇಷ್ಟು ಸ್ಪಷ್ಟವಾಗಿ ಬರೆಯೋರು ಈಗ ಎಲ್ಲಿದಾರೆ?” ಎಂದು ಮೆಚ್ಚಿಕೊಂಡು, “ಹನ್ನೊಂದು ವ್ಯಕ್ತಿ ಹಾಗೂ ಒಂದು ನಾಯಿಯ ಕೊರತೆ” ಎಂದು ಷರಾ ಬರೆದು ಹೊರಟರು. ಕಟ್ಟಡದ ಬೀಗದ ಕೈ ನನ್ನ ಮೇಜಿನ ಖಾನೆ ಸೇರಿತು. ಅಳಿಯ ಶೆಡ್ಡಿನಿಂದಲೇ ದಿನಾ ಆ ಕಿಟಕಿಗಳನ್ನು ನೋಡುತ್ತಿದ್ದರು. ದೇವರು ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿ ನಾನೇ ಆಗಿದ್ದೆ.

ಒಂದು ದಿನದ ಮಟ್ಟಿಗೆ ವಿದ್ಯಾರ್ಥಿಗಳನ್ನೇ ನಿಲ್ಲಿಸೋಣ ಎಂದು ಇಂಜಿನಿಯರು ಸಲಹೆ ಮಾಡಿದರು. ಕಿಟಕಿ ಒಂದು ದಿನಕ್ಕೆ ಇಡುತ್ತೀರಾ ಎಂದು ತಪಾಸಣಾಧಿಕಾರಿಗಳಿಂದ ಉತ್ತರ ಬಂತು. ಹಾಗಾಗಿ ಹುದ್ದೆಗಳನ್ನೇ ಸೃಷ್ಟಿಸಬೇಕಾಯಿತು. ಗಣಿತಕ್ಕೆ ಒಬ್ಬ ಕಾಯಂ ಅಧ್ಯಾಪಕರು ಬೇಕೆಂಬ ನಮ್ಮ ಕಡತ ಹನ್ನೊಂದು ವರ್ಷದಲ್ಲಿ ಹನ್ನೊಂದು ಬಾರಿ “ಮಿತವ್ಯಯದ ದೃಷ್ಟಿಯಿಂದ ಹಿಂತಿರುಗಿಸಿದೆ” ಎಂದು ವಾಪಸು ಬಂದಿತ್ತು. ಈ ಹನ್ನೊಂದು ಹುದ್ದೆಗಳು ಒಂಬತ್ತೇ ದಿನದಲ್ಲಿ ಮಂಜೂರಾದವು. ಕಲಿಸುವವರು ಖರ್ಚು, ನಿಲ್ಲುವವರು ಕಟ್ಟಡದ ಭಾಗ ಎಂದು ಇಲಾಖೆ ಸರಿಯಾಗಿಯೇ ಗುರುತಿಸಿತ್ತು.

ಪ್ರಕಟಣೆಯ ಒಕ್ಕಣೆ ಹೀಗಿತ್ತು:

“ಬೋಧನಾ ಕಟ್ಟಡದ ಮುಂಭಾಗದಲ್ಲಿ ಖಾಲಿ ಇರುವ ಹನ್ನೊಂದು ‘ನಕ್ಷಾವ್ಯಕ್ತಿ’ ಹುದ್ದೆಗಳಿಗೆ ಅರ್ಜಿ ಆಹ್ವಾನಿಸಲಾಗಿದೆ. ಅಭ್ಯರ್ಥಿಗಳು ನಕ್ಷೆಯಲ್ಲಿ ಕಂಡ ಭಂಗಿಯಲ್ಲಿ ನಿಲ್ಲಲು ಶಕ್ತರಿರಬೇಕು. ನಕ್ಷೆಯಿಂದ ಯಾವುದೇ ಮಾತು ಕೇಳಿಬರದ ಕಾರಣ ಕರ್ತವ್ಯದ ಅವಧಿಯಲ್ಲಿ ಮಾತು ನಿಷಿದ್ಧ. ನೆರಳು ಎಡಕ್ಕೇ ಬೀಳತಕ್ಕದ್ದು. ಮಧ್ಯಾಹ್ನದ ನಂತರ ಬಲಕ್ಕೆ ಬಿದ್ದ ನೆರಳನ್ನು ಸಾಂದರ್ಭಿಕ ರಜೆಯಲ್ಲಿ ಕಳೆಯಲಾಗುವುದು. ಶಿಫಾರಸು ತರುವುದು ಅನರ್ಹತೆ. ಶಿಫಾರಸು ಪತ್ರಗಳನ್ನು ಮೂರು ಪ್ರತಿಗಳಲ್ಲಿ ಲಗತ್ತಿಸತಕ್ಕದ್ದು.”

ಹತ್ತು ಹುದ್ದೆಗಳು ಹೂವೆತ್ತಿದ ಹಾಗೆ ತುಂಬಿದವು. ಛತ್ರಿ ಹುದ್ದೆಗೆ ಕುಲಪತಿಗಳ ನಾದಿನಿ ಆಯ್ಕೆಯಾದರು, ಅವರಲ್ಲಿ ಸ್ವಂತ ಛತ್ರಿ ಇತ್ತು. ಮಕ್ಕಳನ್ನು ಕೆಲಸಕ್ಕೆ ಹಚ್ಚುವುದು ಅಪರಾಧವಾದ್ದರಿಂದ ಬಲೂನು ಹಿಡಿದ ಮಗುವಿನ ಜಾಗಕ್ಕೆ ಕುಲಸಚಿವರ ಭಾವಮೈದುನನನ್ನು ತೆಗೆದುಕೊಳ್ಳಲಾಯಿತು. ವಯಸ್ಸು ನಲವತ್ತನಾಲ್ಕು, ಬುದ್ಧಿಯ ವಿಷಯದಲ್ಲಿ ಸಮಿತಿಗೆ ಸಮಾಧಾನವಿತ್ತು. ನಾಯಿ ಯಾರ ಕಡೆಯದೂ ಅಲ್ಲ. ಹಾಜರಾತಿ ತೆಗೆಯದಿದ್ದರೂ ಹೊತ್ತಿಗೆ ಸರಿಯಾಗಿ ಬರುವ ಒಂದೇ ಜೀವ ಅದು.

ತೊಡಕಾದದ್ದು ಕ್ರಮಸಂಖ್ಯೆ ಏಳರದು. ದಿನವಿಡೀ ಬಲಗೈ ಎತ್ತಿ ನಿಲ್ಲಬೇಕಾದ ಹುದ್ದೆಗೆ ಯಾರ ನೆಂಟರೂ ಮುಂದೆ ಬರಲಿಲ್ಲ. ಬಂದ ಒಂದಿಬ್ಬರು ಹತ್ತು ನಿಮಿಷಕ್ಕೇ ಮೂಗು ತುರಿಸಿಕೊಂಡು ಸೋತರು. ಏಳನೆಯವನಿಲ್ಲದೆ ಪ್ರಮಾಣಪತ್ರವಿಲ್ಲ, ಪ್ರಮಾಣಪತ್ರವಿಲ್ಲದೆ ಬೀಗ ತೆರೆಯುವಂತಿಲ್ಲ. ನನಗೆ ಅಳಿಯನ ನೆನಪಾಯಿತು. ಹನ್ನೊಂದು ವರ್ಷ ಕೈ ಎತ್ತಿ ಹಲಗೆ ಮೇಲೆ ಬರೆದವರು!

“ಮಾವ, ನಾನು ಪಾಠ ಮಾಡೋನು,” ಎಂದರು ಅಳಿಯ.

“ಹನ್ನೊಂದು ವರ್ಷ ಮಾಡಿದ್ರಲ್ಲ, ಏನು ಬಂತು?” ಎಂದಳು ಮಗಳು. ಅವಳ ಕಣ್ಣು ತುಂಬಿತ್ತು. “ಇದು ಕಾಯಂ ಕಣ್ರೀ.”

ನಾನೂ ಹೇಳಿದೆ: “ನೋಡಿ ಅಳಿಯಂದ್ರೆ, ನಿಮಗೋಸ್ಕರ ಬೇಡ. ನೀವು ಒಬ್ರು ಹೊರಗೆ ನಿಂತ್ರೆ ನಿಮ್ಮ ಅರವತ್ತು ಜನ ಒಳಗೆ ಹೋಗ್ತಾರೆ. ಗೋಡೆ ಸಿಗುತ್ತೆ ಅವರಿಗೆ.”

ಅವರು “ಅವರಿಗೆ ಸಿಗುತ್ತೆ ಅಲ್ವಾ?” ಎಂದು ಮಾತ್ರ ಕೇಳಿದರು.

ಪರೀಕ್ಷೆಯಲ್ಲಿ ಅವರ ಕೈ ನಲವತ್ತು ನಿಮಿಷ ಎಳ್ಳಷ್ಟೂ ಅಲ್ಲಾಡಲಿಲ್ಲ. ಇಡೀ ನೇಮಕಾತಿಯಲ್ಲಿ ಅರ್ಹತೆಯಿಂದ ಆಯ್ಕೆಯಾದವರು ಅವರೊಬ್ಬರೇ, ಹೀಗಾಗಿ ಅವರ ಕಡತಕ್ಕೆ ಹೆಚ್ಚುವರಿ ಸಮಜಾಯಿಷಿ ಬರೆಯಬೇಕಾಯಿತು. ಏಳನೇ ಆಕೃತಿಯನ್ನು ಆ ವಾಸ್ತುಶಿಲ್ಪಿ ಶೆಡ್ಡಿನಲ್ಲಿ ಅವರನ್ನು ನೋಡಿಯೇ ಬರೆದಿದ್ದರೆಂದು ಆಮೇಲೆ ತಿಳಿಯಿತು. ಕರಿಹಲಗೆಯನ್ನು ಮಾತ್ರ ಜಾಗವಿಲ್ಲವೆಂದು ಬಿಟ್ಟಿದ್ದರಂತೆ.

ಪ್ರಮಾಣಪತ್ರ ಬಂತು. ಅರವತ್ತು ವಿದ್ಯಾರ್ಥಿಗಳು ಪುಸ್ತಕ ಹಿಡಿದು ಬಂದರು. ನಾನೇ ಬೀಗದ ಕೈ ತೆಗೆದುಕೊಂಡು ಹೋದೆ. ಬಾಗಿಲ ಬಳಿ ತಪಾಸಣಾಧಿಕಾರಿಗಳು ಬಣ್ಣದ ಹಾಳೆ ಹಿಡಿದು ನಿಂತಿದ್ದರು.

“ಚಿತ್ರದ ಈ ಕಿಟಕಿಗಳಲ್ಲಿ ಯಾರಾದ್ರೂ ಕಾಣ್ತಾರಾ ನೋಡಿ,” ಎಂದರು.

ನೋಡಿದೆ. ಗಾಜಿನಲ್ಲಿ ಆಕಾಶ ಬರೆದಿತ್ತು. ಒಂದು ತಲೆಯೂ ಇರಲಿಲ್ಲ.

“ಕಾಣದ ಯಾವುದನ್ನೂ ಸೇರಿಸತಕ್ಕದ್ದಲ್ಲ,” ಎಂದು ಅವರು ನನ್ನ ವಾಕ್ಯದ ಉಳಿದರ್ಧವನ್ನು ಬಾಯಿಪಾಠವಾಗಿ ಹೇಳಿದರು. ನಾನು ಬೀಗದ ಕೈಯನ್ನು ಮತ್ತೆ ಜೇಬಿಗೆ ಹಾಕಿಕೊಂಡೆ. ಇದನ್ನು ಟಿಪ್ಪಣಿಯಲ್ಲಿ ನಮೂದಿಸಿಲ್ಲ. ಅಳಿಯ ಹತ್ತು ಹೆಜ್ಜೆ ದೂರದಲ್ಲೇ ಇದ್ದರು, ಎಲ್ಲ ಕೇಳಿಸಿಕೊಂಡಿರಬೇಕು. ಕೈ ಇಳಿಸಲಿಲ್ಲ, ಕರ್ತವ್ಯದ ಮೇಲಿದ್ದರು.

ವಾಸ್ತುಶಿಲ್ಪಿ ಓಡಿ ಬಂದು, ನಕ್ಷೆ ತಿದ್ದಿ ಕಿಟಕಿಯಲ್ಲಿ ಅರವತ್ತು ತಲೆ ಬರೆದು ಕೊಡುತ್ತೇನೆಂದು ಕೈಮುಗಿದರು.

“ಹನ್ನೊಂದು ಜನರನ್ನ ಬರೆದಿದ್ದಕ್ಕೇ ಪಿಂಚಣಿವರೆಗೂ ಸಾಕಬೇಕಾಗಿದೆ,” ಎಂದರು ಕುಲಪತಿಗಳು. “ಇನ್ನು ಅರವತ್ತು ಜನರನ್ನ ಬರೆದ್ರೆ ಅವರಿಗೆಲ್ಲ ಎಲ್ಲಿಂದ ಹುದ್ದೆ ತರ್ಲಮ್ಮಾ? ಪೆನ್ಸಿಲ್ ಸ್ವಲ್ಪ ಹಿಡಿತದಲ್ಲಿರಲಿ.”

ಈಗ ಎಲ್ಲವೂ ಸುಸೂತ್ರ. ಕಟ್ಟಡ ಹೊಸದರ ಹಾಗೇ ಇದೆ. ಒಳಗೆ ಯಾರೂ ಕಾಲಿಡದ್ದರಿಂದ ನಿರ್ವಹಣೆಗೆ ಪ್ರಶಸ್ತಿಯೂ ಬಂದಿದೆ. ಮೊದಮೊದಲು ಅಳಿಯನ ಹಳೆಯ ವಿದ್ಯಾರ್ಥಿಗಳು ದೂರದಲ್ಲಿ, ಚಿತ್ರದ ಅಂಚು ಮುಗಿಯುವ ಚರಂಡಿಯ ಆಚೆ, ಗುಂಪು ಕೂಡುತ್ತಿದ್ದರು. ಒಂದು ದಿನ ಯಾರೋ ಹುಡುಗಿ ಅಲ್ಲಿಂದಲೇ ಒಂದು ಸಂದೇಹ ಕೂಗಿ ಕೇಳಿದಳು. ಅಳಿಯನ ಎತ್ತಿದ ಕೈ ತನ್ನಷ್ಟಕ್ಕೆ ಗಾಳಿಯಲ್ಲಿ ಒಂದು ಸಮೀಕರಣ ಬರೆಯಿತು. “ಅನುಮೋದಿತ ಭಂಗಿಯಿಂದ ಕೈ ಆಡಿಸಿದ್ದಕ್ಕೆ” ಕಾರಣ ಕೇಳಿ ನೋಟಿಸು ಹೋಯಿತು. ಸಹಿ ನನ್ನದೇ. ಮತ್ತೆಂದೂ ಅವರು ತಪ್ಪು ಮಾಡಿಲ್ಲ. ಮನೆಗೆ ಬಂದ ಮೇಲೂ ಆ ಕೈ ಪೂರ್ತಿ ಇಳಿಯುವುದಿಲ್ಲ. ಅಟ್ಟದ ಮೇಲಿನ ಡಬ್ಬಿ ತೆಗೆಯಲು ಅನುಕೂಲ ಎನ್ನುತ್ತಾಳೆ ಮಗಳು, ಹಾಗೆಂದು ಮುಖ ಆಚೆ ತಿರುಗಿಸುತ್ತಾಳೆ.

ಮೊನ್ನೆ ಹೊಸದಾಗಿ ಸೇರಿದ ವಿದ್ಯಾರ್ಥಿಗಳು ನನ್ನ ಕಚೇರಿಗೆ ಬಂದು, ಗಣಿತ ತರಗತಿ ಎಲ್ಲಿ ಎಂದು ವಿಚಾರಿಸಿದರು. ಸೈಕಲ್ ಶೆಡ್ಡು, ಅಧ್ಯಾಪಕರ ನೇಮಕ ಪರಿಶೀಲನೆಯಲ್ಲಿದೆ ಎಂದೆ. ಹೊರಡುವಾಗ ಒಬ್ಬ ಕಿಟಕಿಯಾಚೆ ಬೆರಳು ತೋರಿಸಿದ.

“ಸರ್, ಅಲ್ಲಿ ಕೈ ಎತ್ತಿಕೊಂಡು ನಿಂತಿದಾರಲ್ಲ, ಅವರು ಯಾರು?”

ನಡಾವಳಿಯಲ್ಲಿ ಇದ್ದುದನ್ನೇ ಹೇಳಿದೆ.

“ಯಾರೂ ಅಲ್ಲಪ್ಪ. ಕಟ್ಟಡದ ಎತ್ತರ ಗೊತ್ತಾಗಲಿ ಅಂತ ನಿಲ್ಲಿಸಿದ್ದು.”

ಅವರು ತಲೆಯಾಡಿಸಿ, ಪುಸ್ತಕದಲ್ಲಿ ಬರೆದುಕೊಂಡು, ಶೆಡ್ಡಿನ ಕಡೆಗೆ ಹೋದರು.