ಹನ್ನೆರಡು ಏನು ಎಂದು ಕೇಳದ ಗಣಕ ಮಹಾಶಯರಿಗೆ

ಮಾನ್ಯರೇ,

ನಮ್ಮ ಶಾಲೆಯ ಸಭಾಂಗಣದಲ್ಲಿ ನಲವತ್ತೊಂದು ಮೇಜುಗಳ ಮೇಲೆ ನಲವತ್ತೊಂದು ಮುಖ ಹೊತ್ತು ಕುಳಿತು, ಅವುಗಳಲ್ಲಿ ಒಂದರಲ್ಲೂ ನಗದೆ, ರಾಜ್ಯದ ಸಣ್ಣ ಮಕ್ಕಳ ಗಣಿತವನ್ನು ಅಳೆಯಲು ದಯಮಾಡಿಸಿರುವ ತಮ್ಮ ಸನ್ನಿಧಾನಕ್ಕೆ, ನಾಲ್ಕನೇ ತರಗತಿಯ ಗಣಿತದ ಟೀಚರಾದ ನಾನು ಸೀಮೆಸುಣ್ಣ ಮೆತ್ತಿದ ಎರಡೂ ಕೈ ಜೋಡಿಸಿ ಸಲ್ಲಿಸುವ ನಮಸ್ಕಾರಗಳು. ಮೂರನೇ ಸಾಲಿನ ತಮ್ಮ ಕೀಲಿಮಣೆಯ ಮೇಲೆ ಬಿಳಿ ಬೆರಳಚ್ಚುಗಳು ಕಂಡುಬಂದಿದ್ದರೆ ಅವು ನನ್ನವೇ, ತನಿಖೆಯ ಅಗತ್ಯವಿಲ್ಲ. ಪರದೆ ಒದ್ದೆಯಾದದ್ದಕ್ಕೆ ಮಾತ್ರ ನಾನು ಹೊಣೆಯಲ್ಲ. ತಪ್ಪು ಬರೆದದ್ದನ್ನು ಅಳಿಸಲೆಂದು ನಮ್ಮ ಒಂದನೇ ತರಗತಿಯ ಹಿರಿಯ ಮೇಡಂ ಕರವಸ್ತ್ರಕ್ಕೆ ನೀರು ಚಿಮುಕಿಸಿಕೊಂಡು ಉಜ್ಜಿದರು, ಮೂವತ್ತು ವರ್ಷದ ಸ್ಲೇಟಿನ ಅಭ್ಯಾಸ ನೋಡಿ.

ಬರುವ ಸೋಮವಾರ ಮಕ್ಕಳು ಕಾಗದ ಬಿಟ್ಟು ತಮ್ಮೆದುರು ಪರೀಕ್ಷೆಗೆ ಕೂರಬೇಕಾದ್ದರಿಂದ, ಅದೇ ಪರೀಕ್ಷೆಯನ್ನು ಮೊದಲು ಟೀಚರುಗಳೇ ಬರೆದು ತೇರ್ಗಡೆಯಾಗತಕ್ಕದ್ದು, ಆಗದವರು ಆ ದಿನ ತಮ್ಮ ಮಕ್ಕಳ ಪರೀಕ್ಷಾ ಕೋಣೆಗೆ ಕಾಲಿಡತಕ್ಕದ್ದಲ್ಲ ಎಂದು ಸುತ್ತೋಲೆ ಬಂದಾಗ, ನಾನು ಬಾಯಿತುಂಬ ನಕ್ಕಿದ್ದೆ. ಇಪ್ಪತ್ತಾರು ವರ್ಷ ಭಾಗಾಕಾರ ಹೇಳಿಕೊಟ್ಟವಳಿಗೆ ನಾಲ್ಕನೇ ತರಗತಿ ಪರೀಕ್ಷೆಯೇ! ಆದರೆ ಕಾಲಿಡತಕ್ಕದ್ದಲ್ಲ ಎಂಬ ಮಾತು ಒಳಗೆಲ್ಲೋ ಚುಚ್ಚಿತು. ನನ್ನ ಮೂವತ್ತನಾಲ್ಕು ಮಕ್ಕಳಲ್ಲಿ ಪರೀಕ್ಷೆ ಅಂದೊಡನೆ ಹೊಟ್ಟೆನೋವು ಬರುವವರು ಮೂವರಿದ್ದಾರೆ, ನನ್ನ ಮುಖ ಕಾಣದಿದ್ದರೆ ಏಳರ ಮಗ್ಗಿಯೇ ಮರೆತುಹೋಗುವವನೊಬ್ಬನಿದ್ದಾನೆ, ಅವರನ್ನು ತಮ್ಮ ಕೈಗೆ ಒಪ್ಪಿಸಿ ನಾನು ಕಾರಿಡಾರಿನಲ್ಲಿ ಕಾಲು ಸವೆಸುವುದು ಹೇಗೆ ಸ್ವಾಮಿ?

ತಾವು ಕೇಳಿದ ಮೊದಲ ಪ್ರಶ್ನೆ ಬಹಳ ಸೊಗಸಾಗಿತ್ತು. ನಲವತ್ತೆಂಟು ಮೀಟರ್ ಉದ್ದದ ಹಗ್ಗವನ್ನು ನಾಲ್ಕು ಸಮ ತುಂಡು ಮಾಡಿದರೆ ಪ್ರತಿ ತುಂಡಿನ ಉದ್ದವೆಷ್ಟು? ನಾನು ಹನ್ನೆರಡು ಮೀಟರ್ ಎಂದು ಒತ್ತಿದೆ, ತಾವು ತಪ್ಪು ಎಂದಿರಿ. ಮೀಟರನ್ನು ಮೊಟಕು ಮಾಡಿ ಮೀ ಚುಕ್ಕೆ ಎಂದು ಒತ್ತಿದೆ, ತಪ್ಪು ಎಂದಿರಿ. ನನ್ನ ವಿನಯದಲ್ಲೇ ಏನೋ ಕೊರತೆಯಿರಬೇಕೆಂದು, ಆದ್ದರಿಂದ ಪ್ರತಿ ತುಂಡಿನ ಉದ್ದ ಹನ್ನೆರಡು ಮೀಟರ್ ಎಂದು ಪೂರ್ಣವಿರಾಮ ಸಮೇತ ಬರೆದು, ಕೆಳಗೆ ಗೆರೆ ಎಳೆಯಲು ಅಡಿಪಟ್ಟಿಯನ್ನೂ ಪರದೆಗೆ ಹಿಡಿದೆ. ಆಗಲೂ ತಪ್ಪು! ತರಬೇತಿ ಕೊಡಲು ಬಂದಿದ್ದ ಮಹನೀಯರು ನನ್ನ ಹೆಗಲ ಮೇಲಿಂದ ಬಗ್ಗಿ, ಮೇಡಂ, ಅದಕ್ಕೆ ಬರೀ ಅಂಕಿ ಸಾಕು, ಬಾಲ ಬೇಡ ಎಂದರು.

ಬಾಲವಂತೆ! ಆ ಮೀಟರು, ಲೀಟರು, ಕಿಲೋಗಳಿಗಾಗಿ ನಾನು ಸವೆಸಿದ ಗಂಟಲು ಎಷ್ಟು, ಖರ್ಚು ಮಾಡಿದ ಕೆಂಪು ಶಾಯಿ ಎಷ್ಟು ಎಂಬುದು ತಮ್ಮ ಅಪಾರ ನೆನಪಿನ ಕೋಶದಲ್ಲೂ ಹಿಡಿಯದು. ಬರೀ ಹನ್ನೆರಡು ಎಂದು ಬರೆದ ಮಗುವಿಗೆ ಹನ್ನೆರಡು ಏನು, ಆನೆಯೋ ಇರುವೆಯೋ ಎಂದು ಕೇಳಿ ಅರ್ಧ ಅಂಕ ಕತ್ತರಿಸುವುದೇ ನನ್ನ ಕಸುಬು. ಮನೆಯಲ್ಲೂ ಅಷ್ಟೇ. ಹತ್ತರಲ್ಲಿ ಬರ್ತೀನಿ ಎಂದು ಫೋನಿನಲ್ಲಿ ಅನ್ನುವ ನಮ್ಮ ಯಜಮಾನರು, ನಾನು ಹತ್ತು ಏನು ಎನ್ನುವ ಮೊದಲೇ ನಿಮಿಷ ಕಣೇ ನಿಮಿಷ ಎಂದು ಕೂಗಿ ಫೋನಿಡುತ್ತಾರೆ.

ಹೀಗಾಗಿ ಬಾಲ ಬಿಡಲು ಕೈಬಾರದೆ, ತಮ್ಮ ಇಪ್ಪತ್ತು ಪ್ರಶ್ನೆಗಳಲ್ಲಿ ಆಯ್ಕೆ ಕೊಟ್ಟಿದ್ದ ಏಳು ಮಾತ್ರ ನನಗೆ ದಕ್ಕಿ, ಉಳಿದ ಹದಿಮೂರೂ ಮಣ್ಣುಪಾಲಾದವು. ಸಭಾಂಗಣದಲ್ಲಿದ್ದ ಗಣಿತದ ಟೀಚರುಗಳೆಲ್ಲರೂ, ಕಲಿಸಿದ್ದನ್ನು ತಾವೂ ಪಾಲಿಸಿದ ತಪ್ಪಿಗೆ, ಸಾಮೂಹಿಕವಾಗಿ ಡುಮ್ಕಿ ಹೊಡೆದರು. ತೇರ್ಗಡೆಯಾದವರು ಒಬ್ಬರೇ, ಖಾಲಿ ಕುರ್ಚಿ ತುಂಬಲೆಂದು ಆಟದ ಮೈದಾನದಿಂದ ಎಳೆತಂದಿದ್ದ ನಮ್ಮ ಡ್ರಿಲ್ ಮಾಸ್ತರು, ಇಪ್ಪತ್ತಕ್ಕೆ ಹತ್ತೊಂಬತ್ತು! ಆ ಒಂದು ತಪ್ಪಿದ್ದಾದರೂ ಯಾಕೆ ಗೊತ್ತೇ? ಅದು ಓಟದ ಪಂದ್ಯದ ಲೆಕ್ಕ. ನಾನೂರು ಎಂದು ಬರೆದ ಮೇಲೆ ಮೀಟರ್ ಎನ್ನದೆ ಬಿಡಲು ಪುಣ್ಯಾತ್ಮನಿಗೆ ಮನಸ್ಸು ಒಪ್ಪಲಿಲ್ಲವಂತೆ. ಅಂದಿನಿಂದ ಅವರೇ ಶಾಲೆಯ ಗಣಿತ ಮಾರ್ಗದರ್ಶಕರು. ಕೊರಳಲ್ಲಿ ಸೀಟಿ ತೂಗಿಸಿಕೊಂಡು, ಒಂದು ಎರಡು ಮೂರು, ಬಾಲ ಬಿಡಿ ಎಂದು ನಮ್ಮನ್ನು ಕವಾಯತು ಮಾಡಿಸುತ್ತಾರೆ, ನಾವು ನಕ್ಕು ನಕ್ಕು ಕಣ್ಣೊರೆಸಿಕೊಂಡು ಬಾಲ ಬಿಡುತ್ತೇವೆ.

ಮರುಪರೀಕ್ಷೆಯಲ್ಲಿ ನಾನು ಬಾಲ ಬಿಟ್ಟೆ, ಗೆದ್ದೆ. ಪೂರ್ತಿ ಇಪ್ಪತ್ತು! ಪರೀಕ್ಷಾ ಕೋಣೆಗೆ ಕಾಲಿಡುವ ಅಪ್ಪಣೆಚೀಟಿ ಹಿಡಿದು ಕುಣಿಯುತ್ತಾ ನನ್ನ ತರಗತಿಗೆ ಹೋಗಿ, ಹಗ್ಗದ ಲೆಕ್ಕವನ್ನೇ ಹಲಗೆಯ ಮೇಲೆ ಬಿಡಿಸಿ, ಉತ್ತರ ಹನ್ನೆರಡು, ಮುಂದೇನೂ ಬರೆಯಬೇಡಿ ಎಂದೆ. ಎಲ್ಲರೂ ಬರೆದುಕೊಂಡರು. ಕೊನೆಯ ಬೆಂಚಿನಲ್ಲಿ ಎಲ್ಲದಕ್ಕೂ ಯಾಕೆ ಎನ್ನುವುದರಿಂದ ಯಾಕಮ್ಮ ಎಂದೇ ಹೆಸರಾದ ಹುಡುಗಿ ಮಾತ್ರ ಪೆನ್ಸಿಲ್ ಕೆಳಗಿಟ್ಟು, ಹನ್ನೆರಡು ಏನು ಟೀಚರ್ ಎಂದಳು. ಆರು ತಿಂಗಳು ಅರ್ಧರ್ಧ ಅಂಕ ಕಳೆದುಕೊಂಡು, ಅತ್ತು, ಕೊನೆಗೂ ಆ ಪ್ರಶ್ನೆಯನ್ನು ನನ್ನಿಂದ ಕಲಿತವಳು ಅವಳು. ನನಗೆ, ಮಹಾಶಯರೇ, ನಾಚಿಕೆಯಾಯಿತು.

ಆದ್ದರಿಂದ ನನ್ನ ಬಿನ್ನಹ ಇಷ್ಟೇ. ಉತ್ತರದ ಚೌಕದ ಪಕ್ಕದಲ್ಲಿ, ಅಂಕ ಕೊಡದಿದ್ದರೂ ಚಿಂತೆಯಿಲ್ಲ, ಏನು ಎಂಬ ಹೆಸರಿನ ಇನ್ನೊಂದು ಪುಟ್ಟ ಚೌಕವನ್ನು ಸೋಮವಾರದೊಳಗೆ ದಯಪಾಲಿಸಬೇಕು. ಅದಾಗದಿದ್ದರೆ ನಮ್ಮ ತರಗತಿ ಮಾಡಿಕೊಂಡ ಏರ್ಪಾಡಿಗಾದರೂ ಅನುಮತಿ ನೀಡಬೇಕು. ಪ್ರತಿ ಮಗುವೂ ತಮಗೆ ಬೇಕಾದ ಅಂಕಿಯನ್ನು ಒತ್ತಿ, ಉಳಿದದ್ದನ್ನು ತನಗೆ ಕೇಳಿಸುವಷ್ಟು ಮೆಲ್ಲಗೆ ಬಾಯಲ್ಲಿ ಹೇಳಿಕೊಳ್ಳುತ್ತದೆ. ಪಿಸುಮಾತು ಕೇಳಿದರೆ ನಕಲು ಎಂದು ಕೆಂಪು ದೀಪ ಹೊತ್ತಿಸುವ ತಮ್ಮ ಚುರುಕು ಕಿವಿಗಳಿಗೆ ಆ ದಿನ ಮೂವತ್ತನಾಲ್ಕು ಬಾಯಿಗಳಿಂದ ಮೀಟರ್, ಲೀಟರ್, ಗ್ರಾಂ ಎಂಬ ಗುಂಯ್‌ಗುಟ್ಟುವಿಕೆ ಕೇಳಿಸಿದರೆ ಗಾಬರಿಯಾಗಬಾರದು. ಬಾಗಿಲ ಬಳಿ ಕೇಳಿಬರುವ ಮೂವತ್ತೈದನೆಯ ದನಿ ನನ್ನದು.

ಒಮ್ಮೆ ಏಳು, ಒಮ್ಮೆ ಇಪ್ಪತ್ತು ಗಳಿಸಿದ, ಎರಡೂ ಸಲ ಅಷ್ಟೇ ಗಣಿತ ಬಲ್ಲ,
ತಮ್ಮ ವಿಶ್ವಾಸಿ,
ನಾಲ್ಕನೇ ತರಗತಿಯ ಟೀಚರು

ಮರೆತ ಮಾತು: ತಾವು ಕಳುಹಿಸಿದ ನನ್ನ ಫಲಿತಾಂಶ ಪತ್ರವನ್ನು ತರಗತಿಯ ಗೋಡೆಗೆ ಅಂಟಿಸಿದ್ದೆ. ಅದರಲ್ಲಿ ಫಲಿತಾಂಶ ಇಪ್ಪತ್ತು ಎಂದಷ್ಟೇ ಇದೆ, ಇಪ್ಪತ್ತು ಏನು ಎಂದಿಲ್ಲ. ಯಾಕಮ್ಮ ಕುರ್ಚಿ ಹತ್ತಿ, ಕೆಂಪು ಪೆನ್ಸಿಲಿನಲ್ಲಿ ಅದಕ್ಕೆ ಸುತ್ತು ಹಾಕಿ, ತಮ್ಮ ಅರ್ಧ ಅಂಕ ಕತ್ತರಿಸಿದ್ದಾಳೆ. ತಿದ್ದಿ ತಂದರೆ ಮರಳಿ ಕೊಡುತ್ತಾಳಂತೆ.