ಮಳೆ ಬಂದಾಗ ಕಾಣೆಯಾದ ಕೆರೆ

ಅರ್ಥವಾಗದ ಮಾತಿಗೆ ತಲೆಯಾಡಿಸುವುದು ನನ್ನ ಹುಟ್ಟುಗುಣ. ಡಾಕ್ಟರು, ಮೆಕ್ಯಾನಿಕ್ಕು, ಪುರೋಹಿತರು ಯಾರೇ ಏನು ಹೇಳಿದರೂ ತಲೆಯಾಡಿಸಿ ಬಂದು, ಮನೆಯಲ್ಲಿ ಕೂತು ಕಂಗಾಲಾಗುತ್ತೇನೆ. ದೇವನಹಳ್ಳಿಯಲ್ಲಿ ವಿಮಾನ ಇಳಿಯತೊಡಗಿದ ಮೇಲೆ ಸುತ್ತಲ ಕೆರೆಗಳ ಮೇಲೆ ಎಲ್ಲರ ಕಣ್ಣು ಬಿತ್ತು. ಉಪಗ್ರಹದ ರಾಡಾರ್ ಚಿತ್ರ ನೋಡಿ, ಯಾವುದರಲ್ಲಿ ನೀರಿದೆ ಎಂದು ಪಟ್ಟಿ ಮಾಡುವ ಕೆಲಸ ನಮ್ಮ ಆಫೀಸಿಗೆ ಬಂತು. "ಕಪ್ಪಗಿದ್ರೆ ನೀರು, ಬೆಳ್ಳಗಿದ್ರೆ ನೆಲ, ಅಷ್ಟೇ" ಎಂದರು ಮೇಡಂ. ತಲೆಯಾಡಿಸಿದೆ.

ಸಾಸಲು ಕಡೆಯ ಒಂದು ಕೆರೆ ಬೆಳ್ಳಗಿತ್ತು. 'ಒಣಗಿದೆ' ಎಂದು ಬರೆದುಕೊಟ್ಟೆ. ಅದು ನನ್ನ ಮಾವನವರ ಊರಿನ ಕೆರೆ. ವಾರದೊಳಗೆ ಅವರ ಫೋನು. "ಅಳಿಯಂದ್ರೇ, ನಮ್ ಕೆರೆ ಒಣಗೋಗಿದ್ಯಂತೆ! ಯಾರೋ ಕಾರಲ್ಲಿ ಬಂದು ಏರಿ ಮೇಲೆ ನಿಂತ್ಕೊಂಡು ಸೈಟ್ ಮಾಡೋ ಮಾತಾಡ್ತಾವ್ರೆ. ಹಂಗಂತ ಬರ್ಕೊಟ್ಟ ನನ್ಮಗ ಯಾರು, ವಸಿ ವಿಚಾರಿಸಿ."

"ವಿಚಾರಿಸ್ತೀನಿ ಮಾವ" ಎಂದೆ.

ಭಾನುವಾರ ಹೋಗಿ ನೋಡಿದರೆ ಕೆರೆ ಕೋಡಿ ಬೀಳುವಷ್ಟು ತುಂಬಿದೆ. ನಂಬಲಾಗದೆ ಬಗ್ಗಿ ನೋಡುವಾಗ ಕಾಲು ಜಾರಿತು. ನಾನೇ ಒಣಗಿಸಿದ ಕೆರೆಯಲ್ಲಿ ಸೊಂಟದವರೆಗೆ ಇಳಿದೆ. ಮಾವ ತಮ್ಮ ಟವೆಲ್ ಕೊಟ್ಟು ಎಳೆಯುತ್ತಿದ್ದರು. ಇನ್ನು ತಡೆಯಲಾರದೆ, "ಮಾವ, ಆ ನನ್ಮಗ ನಾನೇ" ಎಂದುಬಿಟ್ಟೆ. ಅವರು ಟವೆಲ್ಲನ್ನು ಅಲ್ಲಿಗೇ ಬಿಟ್ಟರು. "ಎಷ್ಟು ಆಳ ಐತೆ ನೋಡ್ಕೊಂಡು ಸರಿಯಾಗಿ ಬರ್ಕೊಳಿ."

ಸೋಮವಾರ ಮೇಡಂ ವಿವರಿಸಿದರು: ನಿಂತ ನೀರು ಕನ್ನಡಿಯಂತೆ, ಓರೆಯಾಗಿ ಬಿದ್ದ ರಾಡಾರ್ ಅಲೆ ಆಚೆಗೆ ಜಾರಿಹೋಗುತ್ತದೆ, ಅದಕ್ಕೇ ಕಪ್ಪು. ಮಳೆಹನಿ ಬಿದ್ದು ನೀರಿನ ಮೈ ತರಿತರಿಯಾದರೆ ಅಲೆ ಚದುರಿ ಒಂದಿಷ್ಟು ವಾಪಸ್ ಬರುತ್ತದೆ, ಆಗ ನೀರೂ ನೆಲದಂತೆ ಬೆಳ್ಳಗೆ. "ಆ ಚಿತ್ರ ತೆಗೆದಾಗ ಅಲ್ಲಿ ಜೋರು ಮಳೆ ಕಣ್ರೀ."

"ಅಂದ್ರೆ ಮೇಡಂ, ಕೆಳಗೂ ನೀರು, ಮೇಲಿಂದಲೂ ನೀರು ಬಂದ್ರೆ, ನೀರೇ ಇಲ್ಲ ಅಂತಲಾ?"

"ಈ ರಾಡಾರ್ ಚಿತ್ರದಲ್ಲಿ ಹಾಗೇ ಕಾಣುತ್ತೆ" ಎಂದರು. ಬೇರೆ ದಿನಗಳ ಚಿತ್ರಗಳನ್ನೂ ನೋಡಿ ಪಟ್ಟಿ ತಿದ್ದಿದೆ. ಕೆರೆ ಮತ್ತೆ ಕೆರೆಯಾಯಿತು. ಕಾರಿನವರು ಆ ಕಡೆ ಸುಳಿಯಲಿಲ್ಲ. ಮಾವ ಹಲಸಿನಹಣ್ಣು ಕಳಿಸಿದರು. ನಾನು ಬೀಗುತ್ತಿದ್ದಾಗಲೇ ಮೇಡಂ ಮತ್ತೆ ಕರೆದರು.

"ಏನ್ರೀ ಇದು, ದೇವನಹಳ್ಳಿ ಹತ್ರ ಇಷ್ಟುದ್ದದ ಕೆರೆ?"

"ಕಪ್ಪಗಿದೆಯಲ್ಲ ಮೇಡಂ."

"ಅದು ರನ್‌ವೇ ರೀ! ನುಣ್ಣಗಿರೋ ನೆಲಾನೂ ಕಪ್ಪಗೇ ಕಾಣುತ್ತೆ!"

ಅವರ ಬೆರಳು ಷರಾ ಕಾಲಂ ಮೇಲೆ ನಿಂತಿತ್ತು. ಅಲ್ಲಿ ನಾನೇ ದುಂಡಗೆ ಬರೆದಿದ್ದೆ: 'ಹೂಳಿಲ್ಲ, ಒತ್ತುವರಿಯಿಲ್ಲ. ಜಿಲ್ಲೆಯ ಉಳಿದ ಕೆರೆಗಳಿಗೆ ಮಾದರಿ.'