ಸಪ್ಪಳ ಕೇಳಾಕ ಹೋದ ಶನಿವಾರ

ಮಂದಿ ಮನಿ ಸುದ್ದಿ ಹುಡುಕ್ಕೊಂಡು ನಾ ಎಂದೂ ಹೋಗಿಲ್ಲ. ಸುದ್ದಿಗಳ ನನ್ನ ಕಟ್ಟಿಗಿ ಬಂದು ಕೂಡತಾವ. ಈ ಸಲ ಮಾತ್ರ ಹೋದೆ. ಯರಗಟ್ಟಿಯ ನಮ್ಮ ಓಣಿ ಸಾಲಿಗಿ ಬಂದ ಹೊಸ ಟೀಚರು ಶನಿವಾರ ಮುಂಜಾನೆ ಮಕ್ಕಳನ್ನ ಸಾಲು ಹಚ್ಚಿ ಓಣಿತುಂಬ ಅಡ್ಡಾಡಸ್ತಾಳ. "ಬಾಯಿ ಮುಚ್ರಿ, ಕಿವಿ ತೆರೀರಿ, ಕೇಳಿದ್ದನ್ನ ಬರಕೊಳ್ರಿ" ಅಂತಾಳ. ಮಂದಿ ಬಾಗಿಲ ಮುಂದ ನಿಂತು ಕಿವಿಗೊಡೂದು, ಅದೂ ಪಾಠದ ಹೆಸರಿನಾಗ! ಬಿಟ್ಟೇನೇ?

ಒಂದ ತೊಡಕು. ಮೊಣಕಾಲ ನೋವು, ರೊಟ್ಟಿ ಬಡಿಯಾಕ ಕುಂಡ್ರಾಕ ಆಗಂಗಿಲ್ಲ ಅಂತ ಆರು ತಿಂಗಳಿಂದ ಸೊಸಿಗೆ ಹೇಳಿದಾಕಿ ನಾನು. ಅದು ಸುಳ್ಳಂತ ತಿಳದ್ರ ಮತ್ತ ಒಲಿ ಮುಂದ ಕುಂಡ್ರಬೇಕು. "ಡಾಕ್ಟರು ಅಡ್ಡಾಡಾಕ ಹೇಳ್ಯಾರವಾ" ಅಂದು ಕೋಲು ಹಿಡಕೊಂಡು ಹೊಂಟೆ. ನನ್ನ ಹಿಡಿಯೋರು ಯಾರದಾರ?

೧. ಇಲ್ಲದ ಸಪ್ಪಳ

ಮನಿಮನ್ಯಾಗ ರೊಟ್ಟಿ ಬಡಿಯೋ ಟಪಟಪ. ಮೂಲಿಮನಿ ಸೊಸಿ ಅಂತೂ "ನಮ್ಮತ್ತಿ ನನ್ನ ಕೈರೊಟ್ಟಿ ಬಿಟ್ಟು ಬ್ಯಾರೆ ಮುಟ್ಟಂಗಿಲ್ಲ" ಅಂತ ಮೆರಿಯಾಕಿ. ಅಲ್ಲಿ ನಿಂತು ಸಾಲಿನ್ಯಾಗಿನ ಎರಡು ಜಡಿ ಹುಡುಗಿ ಅಂದ್ಲು, "ಟೀಚರ್, ಈ ಮನ್ಯಾಗ ರೊಟ್ಟಿ ಸಪ್ಪಳ ಇಲ್ರಿ."

ಕಟ್ಟಿಮ್ಯಾಲೆ ಕುಂತಿದ್ದ ಆಕಿ ಅತ್ತಿ ಕಿವಿ ನಿಗರಿದವು. ಅಷ್ಟರಾಗ ಖಾನಾವಳಿಯಾಕಿ ಹಿತ್ತಲದಿಂದ ಒದರಿದಳು, "ಅಕ್ಕಾ, ಇವತ್ತಿನ ರೊಟ್ಟಿ!"

ಅತ್ತಿ ಸೊಸಿಗೆ ಅಂದ್ಲು, "ಹೋಗವಾ, ನಿನ್ನ ಕೈ ಹಿತ್ತಲ ಬಾಗಿಲಿಗೆ ಬಂದು ನಿಂತಾವ."

೨. ಕೇಳದ ಕಿವಿ

ಚಹಾದಂಗಡ್ಯಾಗ ಕೂಡೋ ಲಾರಿ ಡ್ರೈವರ್ ಚಾಚಾಗ ಎರಡು ವರ್ಷದಿಂದ ಕಿವಿ ಕೇಳಸಂಗಿಲ್ಲ. ಹೆಂಡ್ತಿ ನೀರು ತರ್ರಿ ಅಂದ್ರಂತೂ ಏನೂ ಕೇಳಸಂಗಿಲ್ಲ. ಮಕ್ಕಳು ಅಲ್ಲಿ ಕಣ್ಣು ಮುಚ್ಚಿ ನಿಂತ್ರು. "ಏನು ಕೇಳ್ತು?" ಅಂತ ಟೀಚರು ಪಿಸುಗುಟ್ಟಿದಳು.

"ಕಾಗಿ." "ಬಸ್ಸು."

"ಅಲ್ರೋ, ಒಳಗ ಮಿರ್ಚಿ ಎಣ್ಣ್ಯಾಗ ಬಿತ್ತು!" ಅಂದ ಚಾಚಾ.

ಹಿಂದ ಕೊಡ ಹಿಡಕೊಂಡು ನಿಂತಿದ್ದ ಚಾಚಿ, "ಯಾ ಅಲ್ಲಾ, ಕಿವಿ ಬಂದ್ವು!" ಅಂದು ಕೊಡ ಚಾಚಾನ ತೊಡಿಮ್ಯಾಲಿಟ್ಟು ಬಾರಿಸಿದಳು. "ಇದನ್ನೂ ಕೇಳ್ರಿ, ಖಾಲಿ ಐತಿ."

೩. ಕೋಲಿನ ಸಪ್ಪಳ

ಈ ಎರಡೂ ಸುದ್ದಿ ಓಣಿಗೆಲ್ಲಾ ಹಂಚೋ ಹುರುಪಿನ್ಯಾಗ ಮನಿಗಿ ಬಂದೆ. ಟೀಚರು ನಮ್ಮ ಬಾಗಿಲ ಮುಂದನ ಮಕ್ಕಳ ಹಾಳಿ ಓದಸಬೇಕೇ? ಸೊಸಿ ಹೊಸ್ತಿಲದಾಗ ನಿಂತಿದ್ಲು.

ಅದ ಎರಡು ಜಡಿ ಹುಡುಗಿ ಓದಿದ್ಲು, "ಅಜ್ಜಿ ಕೋಲು. ಅಜ್ಜಿ ಮನಿ ಮುಂದ ಟಕ್ ಟಕ್. ಮೂಲಿ ತಿರುಗಿದ ಮ್ಯಾಲೆ ಸಪ್ಪಳ ಇಲ್ಲ."

"ಯಾಕವಾ ಇಲ್ಲ?" ಅಂದ್ಲು ಸೊಸಿ.

"ಬಗಲಾಗ ಇಟಗೊಂಡು ಓಡತಾರ್ರಿ."

ಸೊಸಿ ಒಳಗ ಹೋಗಿ ಹಿಟ್ಟಿನ ಪರಾತ ತಂದು ನನ್ನ ಮುಂದಿಟ್ಲು. "ಬರ್ರಿ ಅತ್ತಿ, ಹಂಚು ಕಾದೈತಿ."

ಈಗ ಶನಿವಾರಕ್ಕೊಮ್ಮೆ ಮಕ್ಕಳು ನಮ್ಮ ಬಾಗಿಲಿಗೆ ನಿಂತು ಬರಕೊಳ್ತಾವ: "ಅಜ್ಜಿ ಮನಿ. ರೊಟ್ಟಿ ಸಪ್ಪಳ ಐತಿ. ಬೈಗುಳ ಎಣಸಾಕ ಆಗಲಿಲ್ಲ."